ಬಿಡುವುದನ್ನು ಮರೆಯುವ ಅಭ್ಯಾಸ

"ಬುಡ್ಬೇಡ," ಎನ್ನುತ್ತಾರೆ ಗಂಗಾಮಣಿ.

ಜೀಪು ಒಂದು ಗೇಣು ಹಿಂದಕ್ಕೆ ಬರುತ್ತದೆ. ಹಿಂಬದಿಯ ಹಲಗೆಗೆ ಕಟ್ಟಿದ ಗೋಣಿಚೀಲದ ಮೇಲೆ ಎರಡು ಹೆಗಲು, ಒಂದು ತಾಯಿಯದು, ಇನ್ನೊಂದು ಮಗಳದು. ಮಗಳ ಬಲಗೈ ತಾಯಿಯ ಬೆನ್ನನ್ನು ಬಳಸಿಕೊಂಡು ಹೋಗಿ ಪಕ್ಕೆಯ ಹತ್ತಿರ ಸ್ವೆಟರನ್ನು ಮುಷ್ಟಿಯಲ್ಲಿ ಹಿಡಿದಿದೆ. ಕೆಸರಿನಲ್ಲಿ ಕಾಲು ಜಾರುತ್ತದೆ. ಮೊದಲು ತಾಯಿಯದು, ಆಮೇಲೆ ಮಗಳದು. ಒಂದೇ ಪ್ರಾಣಿ ಮಂಡಿಯೂರುವ ಹಾಗೆ ಇಬ್ಬರೂ ನಿಧಾನವಾಗಿ ಕೆಳಗಿಳಿಯುತ್ತಾರೆ. ಚಕ್ರ ಕಲ್ಲಿಗೆ ತಾಗಿ ನಿಲ್ಲುತ್ತದೆ.

"ಬಿಟ್ಲಾ?" ಸ್ಟಿಯರಿಂಗ್ ಹಿಂದಿನಿಂದ ಹಬೀಬ್ ಕೇಳುತ್ತಾರೆ.

"ಇಲ್ಲ ಕಣಣ್ಣ. ನನ್ ಸ್ವೆಟ್ರು ಹರಿದ್ಬುಟ್ಳು," ಎನ್ನುತ್ತಾರೆ ಗಂಗಾಮಣಿ, ಕೆಸರಿನಲ್ಲಿ ಕೂತೇ.

ಇನ್ನೂ ಪೂರ್ತಿ ಬೆಳಕಾಗಿಲ್ಲ. ಹೊಂಗಡಹಳ್ಳದ ಕಡೆಯ ತೋಟಕ್ಕೆ ಕಳೆ ತೆಗೆಯಲು ಹೊರಟ ಹೆಂಗಸರು ಬುತ್ತಿ ಹಿಡಿದು ಕೂಲಿಯವರ ಸಾಲುಮನೆಗಳಾದ ಲೈನ್‌ಮನೆಗಳ ಜಗಲಿಯಲ್ಲಿ ನಿಂತಿದ್ದಾರೆ. ಅವರನ್ನು ಕರೆದೊಯ್ಯುವುದು ಹಬೀಬ್ ಅವರ ಜೀಪು. ಚಕ್ರದ ಹಿಂದೆ ಮೊಳದಷ್ಟು ಜಾಗ ಬಿಟ್ಟು ಕಲ್ಲಿಡುವುದು ಈರಮ್ಮನವರ ಹೊಣೆ. ಲೈನಿನಲ್ಲಿ ಎಲ್ಲರಿಗಿಂತ ಹಿರಿಯರು ಅವರು, ಬಾಯಿಯೂ ಎಲ್ಲರಿಗಿಂತ ಜೋರು.

"ತಳ್ಳಕ್ಕೆ ಸಂಬಳ ಕೊಡ್ತಾರಂತೆ ಬೆಂಗ್ಳೂರಲ್ಲಿ," ಎನ್ನುತ್ತಾರೆ ಈರಮ್ಮ. "ನಾವು ಮಳೆಗಾಲ ಪೂರ್ತಿ ಈ ಜೀಪು ತಳ್ತೀವಿ. ಹಬೀಬಣ್ಣ ಏನು ಕೊಟ್ಟೌನೆ?"

"ಸೀಟು ಕೊಟ್ಟಿಲ್ವಾ?"

"ಸೀಟಾ ಅದು? ಒಳಗೆ ಕೂತ್ರೂ ನೆನೀತೀವಿ, ಹೊರಗೆ ನಿಂತ್ರೂ ನೆನೀತೀವಿ."

ಮಗಳು ಪೂಜಿತಾ ನಗುವುದಿಲ್ಲ. ಮುಷ್ಟಿಯನ್ನು ನೋಡಿಕೊಳ್ಳುತ್ತಾಳೆ. ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ, ತಾಯಿಯ ಕೈ ಹಿಡಿದು ಎಬ್ಬಿಸುತ್ತಾಳೆ.

"ಇನ್ನೊಂದ್ಸಲ, ಅವ್ವ."

ಪೂಜಿತಾಗೆ ಇಪ್ಪತ್ತೊಂದು. ಬೆಂಗಳೂರಿನ ಕ್ಲಬ್ಬೊಂದಕ್ಕೆ ರಗ್ಬಿ ಆಡುವುದು ಅವಳ ಉದ್ಯೋಗ. ಆಡುವ ಜಾಗ ಮುಂದಿನ ಸಾಲು. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವವರು, ಗೆರೆಯಾಚೆ ಹಾರಿ ಬೀಳುವವರು ಟಿವಿಯಲ್ಲಿ ಕಾಣುತ್ತಾರೆ. ಪೂಜಿತಾ ಕಾಣುವುದಿಲ್ಲ. ನಿಂತ ಆಟ ಮತ್ತೆ ಶುರುವಾಗುವಾಗ ಎರಡೂ ತಂಡದ ಎಂಟೆಂಟು ಮಂದಿ ತಲೆ ತಗ್ಗಿಸಿ, ಹೆಗಲು ಕೊಟ್ಟು ಪರಸ್ಪರ ತಳ್ಳುತ್ತಾರೆ. ಅದು ಸ್ಕ್ರಮ್. ಆ ರಾಶಿಯ ತೀರಾ ಒಳಗೆ, ಮುಖ ನೆಲಕ್ಕೆ ಮಾಡಿರುವ ಮೂವರಲ್ಲಿ ಇವಳೊಬ್ಬಳು. ಮೂವರಲ್ಲಿ ಮಧ್ಯದವಳ ಎರಡೂ ಕೈ ಅಕ್ಕಪಕ್ಕದವರ ಹೆಗಲ ಮೇಲಿರುತ್ತವೆ. ಬಿದ್ದರೆ ನೆಲಕ್ಕೂರಲು ಅವಳಿಗೆ ಕೈಯೇ ಇಲ್ಲ. ಪಕ್ಕದವರು ಹಿಡಿದಿರಬೇಕು, ಅಷ್ಟೆ.

ಕಳೆದ ವರ್ಷ, ತನ್ನ ಮೊದಲ ಪಂದ್ಯದಲ್ಲಿ, ಪೂಜಿತಾ ಬಿಟ್ಟಳು.

ಯಾಕೆ ಬಿಟ್ಟಳು ಎಂಬುದಕ್ಕೆ ಕಾಫಿ ತೋಟಕ್ಕೇ ಹೋಗಬೇಕು. ಶಾಲೆಗೆ ರಜೆ ಇದ್ದಾಗಲೆಲ್ಲ ಅವಳು ತಾಯಿಯ ಜೊತೆ ಹಣ್ಣು ಕೊಯ್ಯಲು ಹೋಗುತ್ತಿದ್ದಳು. ಕೊಯ್ದ ಹಣ್ಣನ್ನು ಮೂಟೆ ಕಟ್ಟಿ, ತಲೆಯ ಮೇಲೆ ಹೊತ್ತು, ಇಳಿಜಾರು ಹತ್ತಿ ತೂಕದ ಜಾಗಕ್ಕೆ ತರಬೇಕು. ಈ ಲೈನಿನ ಹೆಂಗಸರು ಹುಡುಗಿಯರಿಗೆ ಮೊದಲು ಕಲಿಸುವುದು ಕೊಯ್ಯುವುದನ್ನಲ್ಲ, ಬಿಡುವುದನ್ನು. ಕಾಲು ಜಾರಿತೋ, "ಬುಟ್ಟೆ" ಎಂದು ಕೂಗಿ ಮೂಟೆ ಎಸೆದು ಪಕ್ಕಕ್ಕೆ ಸರಿಯಬೇಕು. ಮೂಟೆಯ ಹಿಂದೆ ಹೋಗಬಾರದು. ಕೂಗು ಕೇಳಿದ ಕೆಳಗಿನವರು ದಾರಿ ಬಿಡುತ್ತಾರೆ. ಆಮೇಲೆ ಆ ಸಾಲಿನವರೆಲ್ಲ ಕೆಲಸ ನಿಲ್ಲಿಸಿ ಚೆಲ್ಲಿದ ಹಣ್ಣು ಆಯುತ್ತಾರೆ. ಬಿಟ್ಟವಳು ಮಾತ್ರ ಬಗ್ಗುವ ಹಾಗಿಲ್ಲ. ಅವಳು ಒಂದು ಕಡೆ ಕೂತು ಸುಧಾರಿಸಿಕೊಳ್ಳಬೇಕು.

"ಹಣ್ಣು ಆಯ್ಕೋಬೋದು. ಸೊಂಟ ಮುರಿದ್ರೆ ಯಾರು ಆಯ್ತಾರೆ?" ಎನ್ನುತ್ತಾರೆ ಗಂಗಾಮಣಿ. "ಅದಕ್ಕೇ ಹೇಳ್ಕೊಟ್ಟೆ. ಚೆನ್ನಾಗೇ ಕಲ್ತುಬುಟ್ಟಿದ್ಲು."

ಮಳೆ ಬಿದ್ದ ಮೈದಾನ. ಸ್ಕ್ರಮ್ ಒಂದು ಕಡೆಗೆ ವಾಲಿತು. ಪೂಜಿತಾಳ ಕಾಲು ಜಾರಿತು. ಅವಳು "ಬುಟ್ಟೆ" ಎಂದು ಕೂಗಿ, ಕೈ ಬಿಟ್ಟು, ಪಕ್ಕಕ್ಕೆ ಸರಿದಳು. ಆ ಕೂಗು ಕೇಳಿದರೆ ಏನು ಮಾಡಬೇಕೆಂದು ಆ ಮೈದಾನದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಧ್ಯದಲ್ಲಿದ್ದ ಮೋನಿಕಾ ಮುಖ ಅಡಿಯಾಗಿ ಬಿದ್ದಳು. ಮೇಲೆ ಉಳಿದವರೆಲ್ಲ ಬಿದ್ದರು. ಮೋನಿಕಾಳ ಭುಜದ ಮೂಳೆ ಮುರಿಯಿತು.

"ಎಲ್ರೂ ಓಡಿ ಬಂದು ಅವಳ ಸುತ್ತ ನಿಂತ್ರು," ಪೂಜಿತಾ ನೆನೆಯುತ್ತಾಳೆ. "ನಾನು ಕೂತ್ಕೋಬೇಕಾ, ನಿಂತ್ಕೋಬೇಕಾ ಗೊತ್ತಾಗ್ಲಿಲ್ಲ."

ಮೋನಿಕಾ ಆಲೂರಿನವಳು. ಮೂಳೆ ಕೂಡಿದೆ, ಮತ್ತೆ ಆಡುತ್ತಿದ್ದಾಳೆ. ಫೋನಿನಲ್ಲಿ ಅವಳ ಮಾತು ನೇರ. "ಕೋಪ ಬರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ನನ್ನ ಕೈ ಮೇಲೆತ್ತಕ್ಕಾಗ್ತಿರ್ಲಿಲ್ಲ ನೋಡಿ, ದಿನಾ ತಲೆ ಬಾಚಿ ಜಡೆ ಹಾಕ್ತಿದ್ದೋಳು ಇವಳೇ. ಬಾಚಕ್ಕೆ ಬರಲ್ಲ ಅವಳಿಗೆ. ಕೂದಲು ಕಿತ್ಬಿಡ್ತಿದ್ಲು. ಜಡೆಗೋಸ್ಕರ ಬೈದು ಬೈದು ಮೂಳೆ ಮುರಿದ ಕೋಪ ಖಾಲಿಯಾಯ್ತು."

ಮತ್ತೆ ಅವಳ ಪಕ್ಕ ನಿಲ್ಲುತ್ತೀಯಾ ಎಂದರೆ ಮೋನಿಕಾಳ ಉತ್ತರ ಚಿಕ್ಕದು. "ಶಿಬಿರದಲ್ಲಿ ನೋಡ್ತೀನಿ. ಹಿಡಿದ್ರೆ ನಿಲ್ತೀನಿ."

ಆ ಪಂದ್ಯದ ನಂತರ ಪೂಜಿತಾ ಇನ್ನೊಂದು ಪಂದ್ಯ ಆಡಿಲ್ಲ. ಅಭ್ಯಾಸದಲ್ಲಿ ಜಾರಿದಾಗಲೆಲ್ಲ ಅವಳ ಕೈ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ಮುಂದಿನ ತಿಂಗಳು ಕ್ಲಬ್ಬಿನ ಶಿಬಿರ. ಅಲ್ಲಿ ಅವಳ ಕೈ ಬಿಡದೆ ನಿಂತರೆ ಕರಾರು ಮುಂದುವರಿಯುತ್ತದೆ. ಇಲ್ಲವಾದರೆ ಅಲ್ಲಿಗೆ ಮುಗಿಯಿತು.

ಹಾಸನದ ಕಾಲೇಜಿನಲ್ಲಿ ಶುರುವಾದ ಬದುಕು ಇದು. ಹೆತ್ತೂರಿನ ಶಾಲೆಯಲ್ಲಿ ಕಬಡ್ಡಿ ಆಡಿಕೊಂಡಿದ್ದವಳು, ಒಂದು ದಿನ ಮೈಕಟ್ಟು ಗಟ್ಟಿ ಇರುವ ಹುಡುಗಿಯರೆಲ್ಲ ಮೈದಾನಕ್ಕೆ ಬನ್ನಿ ಎಂದಾಗ ಹೋದಳು. "ಬೆಂಚು ಎತ್ತಕ್ಕೆ ಕರೀತಾವ್ರೆ ಅನ್ಕೊಂಡೆ." ಅದು ರಗ್ಬಿಯ ಆಯ್ಕೆಯಾಗಿತ್ತು. ಮೊದಲ ಸಂಬಳದಲ್ಲಿ ತಾಯಿಗೆ ತಂದದ್ದು ಈಗ ಹರಿದ ಆ ಸ್ವೆಟರು. ಅಪ್ಪ ಲಕ್ಕಪ್ಪ ತೋಟದಲ್ಲಿ ಮರಗಸಿ ಮಾಡುತ್ತಾರೆ. ಎತ್ತರದ ನೆರಳಿನ ಮರ ಹತ್ತಿ ಕೊಂಬೆ ಸವರುವ ಅವರಿಗೆ ಮಗಳ ಆಟದಲ್ಲಿ ಅರ್ಥವಾಗದ್ದು ಒಂದೇ. "ಹತ್ತೋದಿಲ್ಲ, ಇಳಿಯೋದಿಲ್ಲ. ಹಿಡ್ಕೊಂಡಿರೋದೊಂದೇ ಕೆಲ್ಸ ಅಂದ್ರೆ ಎಂಗೆ?"

ಜೀಪಿನ ಯೋಚನೆ ಹಬೀಬ್ ಅವರದು. ಮಳೆ ಶುರುವಾದಾಗ ಊರಿಗೆ ಬಂದ ಪೂಜಿತಾ, ಹೂತ ಜೀಪನ್ನು ಹಿಂದಿನಿಂದ ತಳ್ಳುತ್ತಾ ಪ್ರತಿ ಸಲವೂ ಜಾರಿದಾಗ ಪಕ್ಕಕ್ಕೆ ಹಾರುವುದನ್ನು ಅವರು ಕನ್ನಡಿಯಲ್ಲಿ ಕಂಡರು. "ಏನಮ್ಮಾ, ಕಪ್ಪೆ ಥರ ಹಾರ್ತೀಯಲ್ಲ ಅಂದೆ. ಅತ್ತುಬಿಟ್ಲು. ನನಗೆ ವಿಷ್ಯ ಗೊತ್ತಿರ್ಲಿಲ್ಲ." ಮರುದಿನ ಅರ್ಧ ಗಂಟೆ ಮೊದಲೇ ಬಂದರು. ನ್ಯೂಟ್ರಲ್‌ಗೆ ಹಾಕಿ, ಏರಿನಲ್ಲಿ ಬ್ರೇಕನ್ನು ಅಷ್ಟಷ್ಟೇ ಸಡಿಲಿಸುತ್ತಾ ಜೀಪನ್ನು ಅವಳ ಹೆಗಲ ಮೇಲೆ ಬಿಡತೊಡಗಿದರು. ಅಂದಿನಿಂದ ಇದು ತಪ್ಪಿಲ್ಲ.

ಹೆಗಲು ಗಟ್ಟಿಯಾಯಿತು. ಕೈ ಮಾತ್ರ ಹಾಗೆಯೇ ಬಿಡುತ್ತಿತ್ತು. ಪಕ್ಕದಲ್ಲಿ ಯಾರೂ ಇಲ್ಲದೆ ಹಿಡಿಯುವುದನ್ನು ಕಲಿಯುವುದು ಹೇಗೆ? ಒಂದು ಬೆಳಗ್ಗೆ ಗಂಗಾಮಣಿ ಬುತ್ತಿ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಮಗಳ ಬಲಕ್ಕೆ ಬಂದು ಬಗ್ಗಿದರು. ಆ ದಿನ ಪೂಜಿತಾ ಬಿಟ್ಟಳು. ತಾಯಿ ಮೂಗಿನವರೆಗೆ ಕೆಸರಾದರು. ಜಗಲಿಯವರು ನಕ್ಕರು. ಪೂಜಿತಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಬಾಗ್ಲು ತಟ್ಟಿ ಹೇಳ್ದೆ," ಎನ್ನುತ್ತಾರೆ ಗಂಗಾಮಣಿ. "ಮಗ, ನಾನೇ ಕಲ್ಸಿದ್ದು, ನಾನೇ ಮರೆಸ್ತೀನಿ ಬಾ ಅಂತ. ಬಿದ್ರೆ ಏಳ್ತೀನಿ. ನಂಗೇನು, ತೋಟಕ್ಕೆ ಹೋಗೋಳು, ಹೆಂಗಿದ್ರೂ ಕೆಸ್ರಾಗೋದೇ."

ಈಗ ತಾಯಿ ಬೀಳುವುದು ಅಪರೂಪ. ಬಿದ್ದರೂ ಇಬ್ಬರೂ ಒಟ್ಟಿಗೆ, ಹಿಡಿದುಕೊಂಡೇ ಬೀಳುತ್ತಾರೆ. ಸ್ಕ್ರಮ್ಮಿನಲ್ಲಿ ಕಲಿಯಬೇಕಾದದ್ದು ಅದನ್ನೇ. ಆಸೆ ಏನು ಎಂದು ಕೇಳಿದರೆ ಪೂಜಿತಾ ಉಗುರಿನ ಕೆಸರು ತೆಗೆಯುತ್ತಾ ಹೇಳುತ್ತಾಳೆ. "ಮೋನಿಕಾ ಪಕ್ಕ ನಿಂತು, ಕುಸಿಯೋ ಸ್ಕ್ರಮ್ಮಲ್ಲಿ ಬಿಡ್ದೇ ಇರ್ಬೇಕು. ಒಂದ್ಸಲ. ಗೆಲ್ಲೋದು ಸೋಲೋದು ಆಮೇಲೆ."

ಹೆಂಗಸರು ಜೀಪು ಹತ್ತುತ್ತಾರೆ. ಪೂಜಿತಾ ಏರಿನ ತುದಿಯವರೆಗೆ ಜೊತೆಗೆ ಹೋಗಿ, ಅಲ್ಲಿಂದ ಓಡುತ್ತಾ ವಾಪಸಾಗುತ್ತಾಳೆ. ಫೋನಿಗೆ ಸಿಗ್ನಲ್ ಸಿಗುವುದೂ ಆ ತುದಿಯಲ್ಲಿ ಮಾತ್ರ. ಇಂದು ಅಲ್ಲಿ ಇಳಿಯುತ್ತಿದ್ದಂತೆ ಅವಳ ಫೋನು ಹೊಡೆದುಕೊಳ್ಳುತ್ತದೆ. ಕ್ಲಬ್ಬಿನ ಕೋಚ್ ನಾಜಿಮಾ. ಪೂಜಿತಾಳ ಕೈ ಕೆಸರು. ಹಬೀಬ್ ಸ್ಪೀಕರ್ ಒತ್ತಿ ಫೋನನ್ನು ಅವಳ ಮುಖದ ಹತ್ತಿರ ಹಿಡಿಯುತ್ತಾರೆ.

"ಪೂಜಿತಾ, ಒಳ್ಳೆ ಸುದ್ದಿ," ಎನ್ನುತ್ತದೆ ಫೋನು. "ನಮ್ಮ ವಿಂಗ್ ಆಡ್ತಿದ್ದ ಹುಡುಗಿ ಬಿಟ್ಟು ಹೋದ್ಲು. ಆ ಜಾಗ ನಿನಗೆ ಕೊಡೋಣ ಅಂತ ತೀರ್ಮಾನ ಮಾಡಿದ್ದೀವಿ. ನೀನು ಓಡೋದು ನೋಡಿದ್ದೀನಿ. ಮುಂದಿನ ಸಾಲಿಗೆ ನೀನು ಮೊದಲಿಂದಲೂ ಸ್ವಲ್ಪ ಹಗುರ. ಇಲ್ಲಿ ಸ್ಕ್ರಮ್ಮೇ ಇಲ್ಲ, ಅಂಚಲ್ಲಿ ನಿಂತು ಚೆಂಡು ಹಿಡಿದು ಓಡೋದು. ಹೂಂ ಅಂದ್ರೆ ಇವತ್ತೇ ಕರಾರು ಕಳಿಸ್ತೀನಿ."

ಜೀಪಿನೊಳಗಿನವರು ಫೋನಿನ ಕಡೆಗೆ ಬಾಗುತ್ತಾರೆ. "ಹೂಂ ಅನ್ನೇ," ಎಂದು ಪಿಸುಗುಟ್ಟುತ್ತಾರೆ ಈರಮ್ಮ. ಗಂಗಾಮಣಿ ಮಗಳನ್ನು ನೋಡುವುದಿಲ್ಲ. ರಸ್ತೆ ನೋಡುತ್ತಾರೆ.

"ಶಿಬಿರದಲ್ಲಿ ನಾನು ಹಿಡಿದ್ರೆ, ಮೇಡಂ?" ಪೂಜಿತಾ ಕೇಳುತ್ತಾಳೆ.

"ಹಿಡಿದ್ರೆ ನೋಡೋಣ. ಬಿಟ್ರೆ ಮುಂದಿನ ಸಾಲೂ ಇಲ್ಲ, ಆಗ ವಿಂಗೂ ಇರಲ್ಲ. ಬೇರೆಯವರಿಗೆ ಹೋಗಿರುತ್ತೆ. ಅವಸರ ಬೇಡ, ನಾಳೆವರೆಗೂ ಯೋಚನೆ ಮಾಡು."

"ಬೇಡ ಮೇಡಂ."

"ಏನು ಬೇಡ? ನಾಳೆವರೆಗಿನ ಟೈಮಾ, ವಿಂಗಾ?"

"ಎರಡೂ ಬೇಡ."