ದೊಡ್ಡತಾಯಮ್ಮ ಒದ್ದೆ ಬಟ್ಟೆ ಹೊದಿಸಿದ ಕಂಪ್ಯೂಟರು

ಕ್ಯಾತನಹಳ್ಳಿ ಪಕ್ಕದ ಊರಿನಲ್ಲಿ ಹೆಂಗಸರ ಹಾಲಿನ ಸಂಘ ಶುರುವಾದ ದಿನದಿಂದಲೂ ದೊಡ್ಡತಾಯಮ್ಮನೇ ಕಾರ್ಯದರ್ಶಿ. ಓದಿದ್ದು ಏಳನೇ ಕ್ಲಾಸು. ಇಪ್ಪತ್ತೆರಡು ವರ್ಷದಲ್ಲಿ ಅವಳು ಸಂಘಕ್ಕೆ ಹೋಗದೆ ಇದ್ದದ್ದು ಮೂರೇ ದಿನ. ಅತ್ತೆ ತೀರಿಕೊಂಡಾಗ ಒಂದು, ಮಗಳು ಸಹನ ಹುಟ್ಟಿದಾಗ ಎರಡು. ಎಂಬತ್ತೇಳು ಮನೆಯ ಹಾಲು ಎರಡು ಹೊತ್ತೂ ಅವಳ ಕಣ್ಣ ಮುಂದೆ ಹಾದುಹೋಗುತ್ತದೆ. ಯಾರದು ಎಷ್ಟು ಲೀಟರು, ಯಾರ ಹಾಲಿನಲ್ಲಿ ಎಷ್ಟು ಫ್ಯಾಟು, ಎಲ್ಲವೂ ಅವಳ ದುಂಡು ಅಕ್ಷರದಲ್ಲಿ ಉದ್ದನೆಯ ಪುಸ್ತಕಕ್ಕೆ ಇಳಿಯುತ್ತದೆ.

ಮಾರ್ಚಿ ತಿಂಗಳ ಒಂದು ಬೆಳಿಗ್ಗೆ ರಂಗಸ್ವಾಮಿ ಬಂದು ಕುರ್ಚಿ ಎಳೆದುಕೊಂಡ. ಅವನು ಸಂಘದ ಅಧ್ಯಕ್ಷೆ ಪುಟ್ಟತಾಯಮ್ಮನ ಗಂಡ. ಆ ಸಂಘದಲ್ಲಿ ಗಂಡಸರು ಸದಸ್ಯರಾಗುವಂತಿಲ್ಲ. ಆದರೆ ಅಲ್ಲಿ ಒಂದು ಕುರ್ಚಿ ಮಾತ್ರ ಮೊದಲಿನಿಂದಲೂ ರಂಗಸ್ವಾಮಿಯದೇ.

"ಬರೋ ತಿಂಗ್ಳು ಸಂಘಕ್ಕೆ ಕಂಪ್ಯೂಟ್ರು ಬತ್ತದೆ ಕಣಕ್ಕ. ಬುಕ್ಕು ಗಿಕ್ಕು ಎಲ್ಲ ಬಂದ್ ಇನ್ಮೇಲೆ. ನಿನ್ ಕೈಲಿ ಆಗಲ್ಲ, ಬುಟ್ಬುಡು. ನಮ್ಮಣ್ಣನ ಸೊಸೆ ಬೀಕಾಂ ಮಾಡವ್ಳೆ, ಅವಳ್ನ ಹಾಕಣ."

"ಅವ್ಳು ಇರೋದು ಮೈಸೂರಲ್ಲಲ್ವಾ?"

"ಹೆಸ್ರು ಅವಳ್ದು ಇರ್ತದೆ. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಅಂಗನ್ನು ಮತ್ತೆ. ನಂಗ್ಯಾಕೆ ಆಗಲ್ಲ?"

"ಕೈ ಬೆಳ್ಳು ಬಗ್ಬೇಕಲ್ಲಕ್ಕ ಈ ವಯಸ್ಸಲ್ಲಿ."

"ಬೆಳ್ಳು ಬಗ್ಗೇ ಅದೆ ಕಣಪ್ಪ, ಬರ್ದೂ ಬರ್ದೂ. ತಲೆ ಒಂದು ಬಗ್ಗಿಲ್ಲ."

ಹಾಲು ಹಾಕಲು ನಿಂತಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ರಂಗಸ್ವಾಮಿಯ ಮುಖ ಕೆಂಪಾಯಿತು. "ಸರಿ. ಸಭೆಗೆ ಇನ್ನು ಇಪ್ಪತ್ತು ದಿನ. ಎಲ್ಲರ ಮುಂದ್ಲೂ ಒಂದು ಹೊತ್ತಿನ ಹಾಲು ಕಂಪ್ಯೂಟ್ರಿಗೆ ಹೊಡ್ದು ತೋರ್ಸು. ಇಲ್ದಿದ್ರೆ ಬೀಗದ ಕೈ ಕೊಟ್ಟು ಮನೇಲಿರು," ಎಂದು ಹೇಳಿ ಹೋದ.

ಸಹನ ಪಾಂಡವಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ವಿಷಯ ಕೇಳಿ, "ಇಷ್ಟೇ ತಾನೆ ಅವ್ವ? ದಿನಾ ಪುಸ್ತಕ ಕೊಡು, ನಾನು ಹೊಡ್ದು ಕೊಡ್ತೀನಿ," ಎಂದಳು.

"ನೀ ಹೊಡ್ಕೊಟ್ರೆ ಅವ್ನ ಅಣ್ಣನ ಸೊಸೆ ಹೊಡ್ಕೊಟ್ಟಂಗೇ ಆಯ್ತು. ಹೆಸ್ರು ಒಬ್ಬರ್ದು, ಕೈ ಇನ್ನೊಬ್ಬರ್ದು. ನಂಗೆ ಬೇಡ. ಮನೇಲಿ ಒಂದು ಮಿಸಿನ್ನು ಮಾಡ್ಕೊಡು. ನಾನು ಕಲೀತೀನಿ, ನಿಮ್ಮಪ್ಪನೂ ಕಲೀಲಿ."

"ನಾನ್ಯಾಕಮ್ಮಿ?" ಎಂದ ಅವಳ ಗಂಡ ಮರಿಯಯ್ಯ, ಬೀಡಿ ಕೆಳಗಿಟ್ಟು.

"ನಾನು ಮರ್ತಾಗ ಯಾರ್ನ ಕೇಳ್ಳಿ?"

ಸಹನ ಹೊಸ ಕಂಪ್ಯೂಟರು ತರುವ ಮಾತೇ ಇರಲಿಲ್ಲ. ಯಾವುದೋ ಆಫೀಸಿನವರು ಬಿಸಾಡಿದ್ದ ಯಂತ್ರದಿಂದ ಬೋರ್ಡು ಬಿಚ್ಚಿಕೊಂಡಳು. ರ‍್ಯಾಮು ಅಂಗಡಿಯ ಮೂಲೆಯಲ್ಲಿ ಸಿಕ್ಕಿತು. ಬಲಗಡೆ ಹಸಿರು ಗೆರೆ ಬಿದ್ದಿದ್ದ ಮಾನಿಟರನ್ನು ಯಜಮಾನರು ಸುಮ್ಮನೆ ಕೊಟ್ಟರು. ಅವಳು ಹೊಸದಾಗಿ ಕೊಂಡದ್ದು ಎಲ್ಲವನ್ನೂ ಉಳಿಸಿಡುವ ಚಿಕ್ಕ ಡಿಸ್ಕು ಒಂದನ್ನೇ. ಎಲ್ಲ ಸೇರಿ ಆರು ಸಾವಿರ ದಾಟಲಿಲ್ಲ. ಹೊರಗಿನ ಡಬ್ಬಕ್ಕೆ ಮಾತ್ರ ದುಡ್ಡು ಉಳಿಯಲಿಲ್ಲ.

"ಡಬ್ಬ ನಂಗೆ ಬುಡು," ಎಂದ ಮರಿಯಯ್ಯ. ನಲವತ್ತು ವರ್ಷ ಆಲೆಮನೆಯಲ್ಲಿ ಬೆಲ್ಲ ಕಾಯಿಸಿದವನು, ಆದರೆ ಮರಗೆಲಸವೂ ಒಂದಿಷ್ಟು ಗೊತ್ತು. ಹಳೇ ಹಲಸಿನ ಬಾಗಿಲನ್ನು ಕೊಯ್ದು ಪೆಟ್ಟಿಗೆ ಮಾಡಿದ. ಹಿಂದೆ ತೆರೆದಿರಲಿ ಎಂದು ಸಹನ ಹೇಳಿದ್ದಳು. ಅವನು ಅಲ್ಲೂ ಒಂದು ಹಲಗೆ ಬಡಿದ. ಊರೊಳಗೆ ಎರಡು ಆಲೆಮನೆ. ಕಬ್ಬಿನ ಸಿಪ್ಪೆ ಉರಿದ ಕರಿ ಬೂದಿ ಹಗಲೆಲ್ಲ ಮನೆಮನೆಗೂ ಹಾರಿ ಬರುತ್ತದೆ. ಒಂದು ಕಣವೂ ಒಳಗೆ ಹೋಗಬಾರದೆಂದು ಸಂದು ಸಂದಿಗೂ ಮೇಣ ಮೆತ್ತಿದ. ರಾಗಿ ತುಂಬಿಟ್ಟರೂ ಹುಳ ಬೀಳದಂಥ ಪೆಟ್ಟಿಗೆ.

ದೊಡ್ಡತಾಯಮ್ಮ ಕಲಿಯಲು ಕೂತಳು. ಅಂಕಿ ಬೇಗ ಕೈಗೆ ಬಂದವು. ಹೆಸರುಗಳು ಸತಾಯಿಸಿದವು. "ಕುಳ್ಳಮ್ಮ" ಎಂದು ಹೊಡೆಯಲು ಮೊದಲ ದಿನ ಎಷ್ಟು ಹೊತ್ತು ಹಿಡಿಯಿತೆಂದರೆ, ಅಷ್ಟರಲ್ಲಿ ಕುಳ್ಳಮ್ಮನೇ ಮಜ್ಜಿಗೆ ಕೇಳಲು ಬಂದು, ಮಜ್ಜಿಗೆ ಕುಡಿದು, ಹೋಗಿದ್ದಳು. ಅದಕ್ಕಿಂತ ಕಷ್ಟ, ಅರ್ಧ ಗಂಟೆ ಆಗುತ್ತಲೇ ಯಂತ್ರ ತಾನಾಗೇ ಆರಿಹೋಗುತ್ತಿತ್ತು. ಪೆಟ್ಟಿಗೆ ಮುಟ್ಟಿದರೆ ಬಿಸಿ. ಸಹನ ಮಾರ್ಚಿ ಕೊನೆಯ ಓಡಾಟದಲ್ಲಿ ಕೆ.ಆರ್. ಪೇಟೆ, ನಾಗಮಂಗಲ ಎಂದು ಪ್ರಿಂಟರು ರಿಪೇರಿಗೆ ಅಲೆಯುತ್ತಿದ್ದಳು. ಭಾನುವಾರ ನೋಡುತ್ತೇನೆ ಎಂದಿದ್ದಳು.

ದೊಡ್ಡತಾಯಮ್ಮ ಭಾನುವಾರದ ತನಕ ಕಾಯಲಿಲ್ಲ. ಬಿಸಿಯಾದದ್ದನ್ನು ತಂಪು ಮಾಡುವುದು ಅವಳಿಗೆ ಹೇಳಿಕೊಡಬೇಕೆ? ಲಾರಿ ತಡವಾದ ಬೇಸಿಗೆಯ ದಿನಗಳಲ್ಲಿ ಹಾಲಿನ ಕ್ಯಾನಿಗೆ ಒದ್ದೆ ಗೋಣಿ ಸುತ್ತಿ, ಒಂದು ತೊಟ್ಟೂ ಒಡೆಯದಂತೆ ಉಳಿಸಿದವಳು. ಹಳೇ ಪಂಚೆಯೊಂದನ್ನು ನೀರಲ್ಲಿ ಅದ್ದಿ, ಹಿಂಡಿ, ಪೆಟ್ಟಿಗೆಗೆ ಬಿಗಿಯಾಗಿ ಸುತ್ತಿದಳು. ಹತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ, ಬಿಸಿಗೆ ಮೇಣ ಕರಗಿದ್ದ ಸಂದಿನಿಂದ ನೀರು ಇಳಿದು, ಒಳಗೆ ಟಪ್ ಎಂದಿತು. ಸುಟ್ಟ ವಾಸನೆ ಬಂತು.

ಸಭೆಗೆ ನಾಲ್ಕು ದಿನ ಉಳಿದಿತ್ತು.

ಸಂಜೆ ಸಹನ ಬಂದು ಪೆಟ್ಟಿಗೆ ಬಿಚ್ಚಿದಳು. "ಕರೆಂಟಿನ ಸಾಮಾನಿಗೆ ನೀರ್ ಬಟ್ಟೆನಾ ಅವ್ವ? ನಿನ್ ಜೀವ ಹೋಗಿದ್ರೆ?"

"ಹೋಗಿಲ್ವಲ್ಲ. ಬಯ್ಯೋದು ಆಮೇಲೆ ಬಯ್ಯಿ. ಏನೇನು ಉಳ್ದದೆ ಹೇಳು."

ಸುಟ್ಟದ್ದು ಕರೆಂಟು ಹಂಚುವ ಭಾಗ ಮಾತ್ರ. ಬೋರ್ಡು ಬದುಕಿತ್ತು. ಮಾರನೇ ದಿನ ಅಂಗಡಿಯ ಗುಜರಿ ರಾಶಿಯಲ್ಲಿ ಅಂಥವೇ ಮೂರನ್ನು ಪರೀಕ್ಷಿಸಿ, ಸರಿಯಿದ್ದ ಒಂದನ್ನು ಸಹನ ತಂದಳು. ಅವಳು ಜೋಡಿಸುವಾಗ ಮರಿಯಯ್ಯ ಮೊದಲ ಸಲ ಬಗ್ಗಿ ಒಳಗೆ ನೋಡಿದ. ಸಣ್ಣ ಫ್ಯಾನು ತಿರುಗುತ್ತಿತ್ತು. ಅದರ ಮುಂದೆ ಅಂಗೈ ಹಿಡಿದ.

"ಇದು ಬಿಸಿ ಗಾಳಿ ಉಗೀತಾ ಅದೆ."

"ಹೂಂ ಅಪ್ಪ. ಅದು ಹೊರಗೆ ಹೋಗ್ಬೇಕು."

"ಥೂ ನನ್ನ!" ಎಂದು ಅವನು ಹಣೆ ಚಚ್ಚಿಕೊಂಡ. "ಒಲೆ ಅಂತ ಮೊದ್ಲೇ ಹೇಳ್ಬಾರ್ದಾ? ನಾನು ರಾಗಿ ತುಂಬೋ ಪತ್ತಾಯ ಅನ್ಕೊಂಡು ಮುಚ್ಬುಟ್ಟೆ. ಕೆಳಗಿಂದ ತಣ್ಣನೆ ಗಾಳಿ ಎಳ್ಕೋಬೇಕು, ಮೇಲಿಂದ ಬಿಸಿ ಹೋಗ್ಬೇಕು. ಕೊಪ್ಪರಿಗೆ ಒಲೆಗೆ ಹೊಗೆ ಕೊಳವೆ ಇಕ್ಕಲ್ವಾ, ಅಂಗೆ."

ಪೆಟ್ಟಿಗೆಯ ಮುಂದೆ ತಳದಲ್ಲಿ ಉದ್ದಕ್ಕೆ ಒಂದು ಬಾಯಿ ಕೊರೆದ. ಹಿಂದಿನ ಹಲಗೆಯ ನೆತ್ತಿಯಲ್ಲಿ ಇನ್ನೊಂದು. ದೊಡ್ಡತಾಯಮ್ಮ ಹಾಲು ಸೋಸುವ ಜಾಲರಿಯನ್ನು ಕತ್ತರಿಸಿ ಎರಡಕ್ಕೂ ಬಡಿದಳು. ಬೂದಿ ಹೊರಗೇ ಉಳಿಯಿತು. ಯಂತ್ರ ಎರಡು ಗಂಟೆ ಓಡಿತು, ಮೂರು ಗಂಟೆ ಓಡಿತು.

ಸಭೆಯ ದಿನ ಸಂಘದ ಜಗಲಿಯ ತುಂಬ ಹೆಂಗಸರು. ಮರಿಯಯ್ಯ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ತಂದ. ರಂಗಸ್ವಾಮಿ ನಕ್ಕ. "ಇದೇನ್ಲಾ ಮರಿಯಯ್ಯ, ಕೋಳಿ ಗೂಡು?"

"ಮೊಟ್ಟೆ ಇಕ್ತದೆ ತಡ್ಕೋ," ಎಂದ ಮರಿಯಯ್ಯ.

ದೊಡ್ಡತಾಯಮ್ಮ ಕೂತಳು. ಒಂದೇ ಬೆರಳು. ಬೆಳಗಿನ ಹಾಲು, ಎಂಬತ್ತೇಳು ಹೆಸರು. ಸಹನ ದೂರದ ಕಂಬಕ್ಕೊರಗಿ, ಕೈ ಕಟ್ಟಿ ನಿಂತಿದ್ದಳು. ಮೂವತ್ತನೇ ಹೆಸರಿಗೆ ದೊಡ್ಡತಾಯಮ್ಮ ನಿಲ್ಲಿಸಿ ತಲೆಯೆತ್ತಿದಳು. "ಯಶೋದಮ್ಮ, ಇದೇನೇ ಇವತ್ತು ಫ್ಯಾಟು ಇಷ್ಟೊಂದು ಇಳ್ದದೆ? ಹಸ ಕಟ್ಟಿದ್ದೀಯೋ, ನಾಲೆ ಕಟ್ಟಿದ್ದೀಯೋ?"

ಜಗಲಿಯೆಲ್ಲ ನಗು. "ಅಯ್ಯೋ, ಮೇವು ಬದಲಾಯ್ಸಿದ್ದೆ ಕಣಕ್ಕ!" ಎಂದು ಯಶೋದಮ್ಮ ಕೂಗಿದಳು.

ಮುಗಿಯಲು ಒಂದೂಕಾಲು ಗಂಟೆ ಆಯಿತು. ರಂಗಸ್ವಾಮಿ ಗಡಿಯಾರ ನೋಡಿ, "ನಮ್ಮ ಹುಡುಗಿ ಹತ್ತು ನಿಮಿಷಕ್ಕೆ ಮುಗಿಸ್ತಾಳೆ," ಎಂದ. ನಡವಳಿ ಪುಸ್ತಕವನ್ನು ಹೆಂಡತಿಯ ಮುಂದಿಟ್ಟು, ಅಣ್ಣನ ಸೊಸೆಯನ್ನು ಕಾರ್ಯದರ್ಶಿ ಮಾಡಲು ಮೊದಲೇ ಬರೆದಿಟ್ಟಿದ್ದ ನಿರ್ಣಯದ ಕೆಳಗೆ ಬೆರಳಿಟ್ಟ. ಅಧ್ಯಕ್ಷೆಯಾದ ದಿನದಿಂದ ಪುಟ್ಟತಾಯಮ್ಮ ಆ ಬೆರಳಿದ್ದ ಕಡೆ ಸಹಿ ಮಾಡಿದ್ದಳೇ ಹೊರತು ಒಂದು ಸಾಲೂ ಓದಿಸಿ ಕೇಳಿರಲಿಲ್ಲ.

ಅವಳು ಪೆನ್ನು ತೆಗೆದುಕೊಂಡಳು. ಪುಟ್ಟತಾಯಮ್ಮ ದೊಡ್ಡತಾಯಮ್ಮನ ಬೆವೆತ ಮುಖವನ್ನೂ, ಪರದೆಯ ಮೇಲೆ ಸಾಲಾಗಿ ನಿಂತಿದ್ದ ಹೆಸರುಗಳನ್ನೂ ನೋಡಿದಳು. "ಅದ್ರಲ್ಲಿ ನನ್ ಹೆಸ್ರು ಎಲ್ಲದೆ?"

ದೊಡ್ಡತಾಯಮ್ಮ ತೋರಿಸಿದಳು.

"ನಂಗೂ ಹೊಡೆಯೋದು ಹೇಳ್ಕೊಡ್ತೀಯಾ?"

"ಬಾ. ನಿನ್ ಹೆಸ್ರಲ್ಲಿ ಒತ್ತಕ್ಷರ ಎರಡವೆ, ಸ್ವಲ್ಪ ಸತಾಯಿಸ್ತದೆ."

ಪುಟ್ಟತಾಯಮ್ಮ ನಡವಳಿ ಪುಸ್ತಕವನ್ನು ಮುಚ್ಚಿ, ಗಂಡನ ಬೆರಳು ಸಿಕ್ಕಿಕೊಳ್ಳುವ ಮುಂಚೆ ಎಳೆದುಕೊಳ್ಳಲಿ ಎಂದು ಒಂದು ಕ್ಷಣ ತಡೆದು, ಅದನ್ನು ದೊಡ್ಡತಾಯಮ್ಮನ ಕಡೆಗೆ ತಳ್ಳಿದಳು.

"ಈ ಪುಟಕ್ಕೆ ಗೀಟೆಳ್ದು ಹೊಡ್ದಾಕು ಕಣಕ್ಕ. ಹೊಸ್ದಾಗಿ ನೀನೇ ಬರಿ. ಬರ್ದು ಜೋರಾಗಿ ಓದು, ಆಮೇಲೆ ಸಹಿ ಮಾಡ್ತೀನಿ."