'ಸಿಕ್ತು' ಎಂದಷ್ಟೇ ಬರೆಯಬೇಕು

ನನ್ನ ಪೆನ್ಸಿಲು ಅರ್ಧ ಆಗುವ ಮೊದಲೇ ಅದರ ತುದಿಯ ರಬ್ಬರು ಸವೆದುಹೋಗುತ್ತದೆ. ಪದಬಂಧದ ಗೀಳು ಹತ್ತಿದವರ ಪೆನ್ಸಿಲುಗಳೆಲ್ಲ ಹೀಗೆಯೋ ಏನೋ, ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಶಾರದಕ್ಕನ ಕೈಯಲ್ಲಿ ಮಾತ್ರ ಪೆನ್ನು. ಕಳಸದ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಅವರು, ಖಾತ್ರಿಯಾಗದೆ ಒಂದಕ್ಷರವನ್ನೂ ಚೌಕದ ಮನೆಯೊಳಗೆ ಇಳಿಸಿದವರಲ್ಲ.

ನಾವು ಮೂವರು. ಮೂಡಿಗೆರೆಯಲ್ಲಿ ನಾನು, ಕಳಸದಲ್ಲಿ ಶಾರದಕ್ಕ, ಬಾಳೂರಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿರುವ ಪ್ರಸನ್ನ. ಬೆಳಿಗ್ಗೆ ಪ್ರಸನ್ನ ಪೇಪರಿನ ಪದಬಂಧದ ಫೋಟೋವನ್ನು ನಮ್ಮ ಫೋನಿನ ಗುಂಪಿಗೆ ಹಾಕುತ್ತಾನೆ. ಸುಳಿವುಗಳು ನೇರವಾಗಿರುವುದಿಲ್ಲ. 'ಹೊಸದು ತಿರುಗಿ ನಿಂತರೆ ಮರಗಳ ಊರು' ಎಂದಿದ್ದರೆ 'ನವ'ವನ್ನು ತಿರುಗಿಸಿ 'ವನ' ಮಾಡಬೇಕು. ಈ ಉಪಾಯ ಕಲಿಸಿದವರು ಶಾರದಕ್ಕ. ನಿಯಮ ಮಾಡಿದವರೂ ಅವರೇ: ಉತ್ತರ ಹೊಳೆದವರು ಅದನ್ನು ಹೇಳಕೂಡದು, 'ಸಿಕ್ತು' ಎಂದಷ್ಟೇ ಬರೆಯಬೇಕು, ಸಿಗದವರು ಕೇಳಿದರೆ ಮಾತ್ರ ಒಂದಕ್ಷರದ ಸಹಾಯ. ಇನ್ನೊಬ್ಬರ ಹುಡುಕಾಟದ ಸುಖವನ್ನು ಕಸಿಯಬಾರದು ಎಂಬ ಸೂಕ್ಷ್ಮ ಅದರಲ್ಲಿತ್ತು.

ಮಳೆಗಾಲ ಕಳೆದ ಮೇಲೆ ಅವರ 'ಸಿಕ್ತು' ಎಲ್ಲರಿಗಿಂತ ಮೊದಲೇ ಬರತೊಡಗಿತು. ಒಂದಕ್ಷರ ಕೇಳಿದರೆ 'ನೀವೇ ಯೋಚನೆ ಮಾಡಿ' ಎನ್ನುತ್ತಿದ್ದರು.

"ಟೀಚರ್ ಮತ್ತೆ ಬೆತ್ತ ಹಿಡ್ದಿದಾರೆ ಮಾರಾಯ," ಎಂದು ಪ್ರಸನ್ನ ಫೋನಿನಲ್ಲಿ ನಕ್ಕ. ನಾನೂ ನಕ್ಕೆ.

ಕಳೆದ ವಾರ ಕೆಲಸದ ಮೇಲೆ ಕಳಸಕ್ಕೆ ಹೋದವನು ಅವರ ಮನೆಗೂ ಹೋದೆ. ಕಾಫಿ ಕುಡಿಯುತ್ತ ಅಂದಿನ ಪದಬಂಧ ತೆರೆದರೆ ಅದೇ ಮರಗಳ ಊರಿನ ಹಳೆಯ ಸುಳಿವು. ಶಾರದಕ್ಕ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಆಮೇಲೆ ಕಿಟಕಿಯಾಚೆ, ಭದ್ರೆಯ ಆ ದಡದ ಕಾಡಿನತ್ತ ಬೆರಳು ತೋರಿಸಿ, "ಅದೇ... ಅದು ಮಾರಾಯ," ಎಂದರು. ಪದ ಬರಲಿಲ್ಲ. ನಾನು ಲೋಟವನ್ನು ಕೆಳಗಿಟ್ಟೆ.

"ಯಾವಾಗಿಂದ ಶಾರದಕ್ಕ?"

"ಮಳೆಗಾಲದಿಂದ. ತಲೇಲಿ ರಕ್ತ ಓಡೋದ್ರಲ್ಲಿ ಏನೋ ತೊಡಕಂತೆ, ಡಾಕ್ಟ್ರು ಹೇಳಿದ್ರು. ಮಾತಾಡ್ತೀನಿ, ಆದ್ರೆ ಬೇಕಾದ ಪದಾನೇ ಕೈಗೆ ಸಿಗೋದಿಲ್ಲ. ಗುಂಪಿಂದ ನನ್ನ ತೆಗ್ದುಬಿಡಿ. ಟೀಚರಾಗಿದ್ದವಳು ಸಿಗ್ಲಿಲ್ಲ ಅಂತ ಹೇಗೆ ಬರೆಯೋದು?"

"ಪ್ರಸನ್ನ ದಿನಾ ಬರೀತಾನಲ್ಲ."

"ಅವನಿಗೆ ನಾಚಿಕೆ ಇಲ್ಲ," ಎಂದರು. ಇಬ್ಬರೂ ನಕ್ಕೆವು. ಆದರೆ ಅವರು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

ಅಂದಿನಿಂದ ನನ್ನ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ಉತ್ತರವನ್ನು ಮುಚ್ಚಿಡುವ ನಮ್ಮ ಸಭ್ಯತೆಯ ಹಿಂದೆ ಒಬ್ಬರು ಸುಳ್ಳು 'ಸಿಕ್ತು' ಬರೆಯುತ್ತ ತಿಂಗಳುಗಟ್ಟಲೆ ಒಂಟಿಯಾಗಿ ಅಡಗಿ ಕೂರಬಹುದೆಂದು, ದಿನವೂ ಗೂಢಾರ್ಥ ಬಿಡಿಸುವ ನಮಗೆ ಹೊಳೆಯಲೇ ಇಲ್ಲವಲ್ಲ. ಕೇಳಿದರೆ ಮಾತ್ರ ಸಹಾಯ ಎಂದಿದ್ದೆವು. ಕೇಳುವುದೇ ಎಲ್ಲಕ್ಕಿಂತ ಕಷ್ಟ ಎಂಬುದು ನೆನಪಿರಲಿಲ್ಲ. ಕಾಡನ್ನು ಬೆರಳಿನಿಂದ ತೋರಿಸಬಲ್ಲವರಿಗೆ ಉತ್ತರ ಗೊತ್ತಿಲ್ಲ ಎನ್ನಲಾದೀತೆ? ಗೊತ್ತಿದೆ ಎಂದು ನಾನು ಹೇಳಿದರೆ ಅವರಿಗೆ ಸಮಾಧಾನವಾದೀತೆ? ಓದುವ ಗೆಳೆಯರೇ, ನನಗೆ ತಿಳಿಯುತ್ತಿಲ್ಲ.

ಇವತ್ತು ಬೆಳಿಗ್ಗೆ ಬಹಳ ಹೊತ್ತು ಶಾರದಕ್ಕನ 'ಸಿಕ್ತು' ಬರಲಿಲ್ಲ. ಕೊನೆಗೆ ಅವರ ಸಂದೇಶ ಬಂತು: 'ಐದನೆಯದು ಸಿಗಲಿಲ್ಲ. ಒಂದಕ್ಷರ ಕೊಡಿ.'

ಏನೂ ತಿಳಿಯದ ಪ್ರಸನ್ನ ಎಂದಿನಂತೆ ಕೆಣಕಿದ: 'ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ ಟೀಚರ್?'

ಶಾರದಕ್ಕ ಕೂಡಲೇ ಬರೆದರು:

'ಅಕ್ಷರ ಕೊಡೋ. ಕತೆ ಬೇಡ.'

ಅವನು ಕೊಟ್ಟ. ಅವರ 'ಸಿಕ್ತು' ಇನ್ನೂ ಬಂದಿಲ್ಲ. ನನಗೆ ಐದನೆಯದರ ಉತ್ತರ ಆಗಲೇ ಹೊಳೆದಿದೆ, ಪೆನ್ಸಿಲೂ ಕೈಯಲ್ಲೇ ಇದೆ. ಆ ಮನೆಗಳನ್ನು ಮಾತ್ರ ಖಾಲಿ ಬಿಟ್ಟು, ಫೋನಿನತ್ತ ನೋಡುತ್ತ ಕೂತಿದ್ದೇನೆ.