ಬಟಾಣಿಯಷ್ಟು ಗ್ರಂಥಿ

ಥೈರಾಯ್ಡ್ ತೋರಿಸಲು ಮಣಿಪಾಲಕ್ಕೆ ಹೋಗುವಾಗ ನಾನು ಹಳೆಯ ರಿಪೋರ್ಟುಗಳನ್ನೆಲ್ಲ ವರ್ಷವಾರು ಜೋಡಿಸಿಕೊಂಡೇ ಹೋಗುತ್ತೇನೆ. ಆ ದಪ್ಪ ಫೈಲು ನೋಡಿಯೇ ಇರಬೇಕು, ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಕಾಪುವಿನ ಮೀನು ಮಾರುವ ಹೆಂಗಸು ನನ್ನನ್ನು ತಿಳಿದವಳೆಂದು ಎಣಿಸಿದಳು.

"ಬಾಯಮ್ಮ, ಮೂಗಿನ ಒಳಗಿಂದ ಹೋಗಿ ತಲೆಯ ಆಪರೇಶನ್ ಮಾಡ್ತಾರಂತೆ. ಹಾಗೆಲ್ಲ ಉಂಟಾ?"

ಅವಳ ಕೈಕಾಲುಗಳು ಈ ವಯಸ್ಸಿನಲ್ಲಿ ದೊಡ್ಡವಾಗುತ್ತಿದ್ದವು. ಬಳೆ ಏರುತ್ತಿರಲಿಲ್ಲ, ಚಪ್ಪಲಿ ಸಾಲುತ್ತಿರಲಿಲ್ಲ. ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ ಇದೆ, ತೆಗೆಯಲೇಬೇಕು ಎಂದಿದ್ದರು ಡಾಕ್ಟರು. ಇವಳು ಹೆದರಿ ಒಪ್ಪಿರಲಿಲ್ಲ; ಗಂಡ ಸಿಟ್ಟು ಮಾಡಿಕೊಂಡು ಬಾಗಿಲ ಬಳಿ ನಿಂತಿದ್ದ.

ಬಿ.ಎಸ್ಸಿ.ಗೆ ಪ್ರಾಣಿಶಾಸ್ತ್ರ ಓದಿದವಳು ನಾನು, ಸುಮ್ಮನಿರುವುದುಂಟೇ? ಆ ಗ್ರಂಥಿ ಮೆದುಳಿನ ಅಡಿಯಲ್ಲಿ, ಮೂಗಿನ ನೇರ ಹಿಂದೆ ಇರುತ್ತದೆ, ತಲೆಬುರುಡೆ ತೆರೆಯುವುದಕ್ಕಿಂತ ಇದೇ ಹತ್ತಿರದ ದಾರಿ ಎಂದು ವಿವರಿಸಿದೆ. ಗಾತ್ರ ಬಟಾಣಿಯಷ್ಟೇ, ಆದರೆ ನನ್ನ ಥೈರಾಯ್ಡಿಗೂ ಅಪ್ಪಣೆ ಬರುವುದು ಅಲ್ಲಿಂದಲೇ ಎಂದೆ.

"ಅಷ್ಟು ಚಿಕ್ಕದರ ಮಾತನ್ನು ಇಡೀ ಮೈ ಕೇಳ್ತದಾ?"

"ಕೇಳಲೇಬೇಕು."

"ಹಾಗಾದರೆ ನಮ್ಮ ಅತ್ತೆಯ ಹಾಗೆಯೇ. ಇರುವುದು ಇಷ್ಟೇ ಇಷ್ಟು, ಮೂಲೆಯಲ್ಲಿ ಕೂತು ಇಡೀ ಮನೆ ಆಳ್ತಾರೆ. ಅವರಿಗೆ ಮಾತ್ರ ಯಾವ ಡಾಕ್ಟರೂ ಇಲ್ಲ."

ಇಬ್ಬರೂ ನಕ್ಕೆವು. ಅವಳು ಎದ್ದು, "ಆಯಿತು, ಮಾಡಿಸುವ" ಎಂದು ಗಂಡನಿಗೆ ಹೇಳಿದಳು. ಹೊರಡುವ ಮೊದಲು ನನ್ನತ್ತ ತಿರುಗಿ, "ನಿಮ್ಮ ಮನೆಯಲ್ಲಿಯೂ ಅತ್ತೆ ಇದ್ದಾರಾ ಬಾಯಮ್ಮ?" ಎಂದು ಕೇಳಿದಳು.

"ಈಗ ನಾನೇ ಅತ್ತೆ" ಎಂದೆ.

ಅವಳು ನನ್ನ ಕುಳ್ಳು ದೇಹವನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ನಗು ತಡೆದುಕೊಂಡು ಗಂಡನ ಹಿಂದೆ ಹೊರಟಳು.